ದೂರದ ಲೆಕ್ಕಕ್ಕೆ ನಮ್ಮ ಊರಿನ ಕಿಟಕಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಕಚೇರಿ ಸಿಬ್ಬಂದಿಯ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ವೇದಿಕೆಯಲ್ಲಿ ಸಂಘ ಹುಟ್ಟಿದ ಕಥೆ, ಷೇರು ಬಂಡವಾಳ ಬೆಳೆದ ಕಥೆ ಹೇಳುವುದು ವಾಡಿಕೆ. ಅದನ್ನು ಹಿರಿಯರು ಈಗಾಗಲೇ ಚೆನ್ನಾಗಿ ಹೇಳಿ ಮುಗಿಸಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಸ್ವಲ್ಪ ಒಣ ವಿಷಯ. ಶಾಖೆಯಲ್ಲಿ ಕುಳಿತು ದೂರದ ಕಂಪ್ಯೂಟರಿಗೆ ಸಂಪರ್ಕ ಮಾಡುವ ತಂತ್ರಾಂಶ ಇದೆಯಲ್ಲ, ಅದನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದು. "ಅದು ಆಫೀಸಿನವರ ತಲೆಬಿಸಿ, ನಮಗೆಂತಕ್ಕೆ?" ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಒಂದು ಪ್ರಸಂಗ ನಡೆದ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಕೆಲವು ವರ್ಷದ ಹಿಂದಿನ ಮಾರ್ಚ್ ತಿಂಗಳ ಕೊನೆಯ ವಾರ. ಬೆಳೆಸಾಲ ತುಂಬುವ ಗಡುವು. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ, ತಪ್ಪಿದರೆ ಬಡ್ಡಿ ಬೀಳುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಶಾಖೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಮ್ಮ ಒಬ್ಬ ಹಿರಿಯ ಸದಸ್ಯೆ ಬಂದು ಸಾಲ ಪೂರ್ತಿ ತುಂಬಿ, ರಶೀದಿ ತೆಗೆದುಕೊಂಡು ಹೋದರು. ಅವರ ಹೆಸರಿಗೆ ಜಮಾ ಮಾಡುವ ಹೊತ್ತಿಗೇ ಸಂಪರ್ಕ ಕಡಿಯಿತು, ಪರದೆ ಹಾಗೇ ನಿಂತುಬಿಟ್ಟಿತು. ಮತ್ತೆ ಸಂಪರ್ಕ ಬಂದಾಗ ಮುಂದಿನವರ ಲೆಕ್ಕ ಹಿಡಿದೆವು. ಅವರ ಜಮಾ ಪ್ರಧಾನ ಕಚೇರಿಯ ಯಂತ್ರದಲ್ಲಿ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಸುಸ್ತಿದಾರರ ಪಟ್ಟಿ ಬಂದಾಗ ಅವರ ಹೆಸರೂ ಅದರಲ್ಲಿ!

ನೋಟೀಸು ಹಿಡಿದುಕೊಂಡು ಆ ತಾಯಿ ಕೌಂಟರಿಗೆ ಬಂದರು. ಗಲಾಟೆ ಮಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ರಶೀದಿ ಮುಂದಿಟ್ಟು, "ತಮಾ, ನಾ ದುಡ್ಡು ಕಟ್ಟಿದ್ದು ಹೌದು. ಕಟ್ಟದೇ ಇದ್ರೆ ಈ ಚೀಟಿ ಎಂತಕ್ಕೆ ಕೊಟ್ರಿ ನೀವು?" ಎಂದು ಕೇಳಿದರು. ರಶೀದಿ ಪುಸ್ತಕದ ಅರ್ಧಪ್ರತಿ ಸರಿ ಇತ್ತು, ಆ ದಿನದ ರೋಕಡ ಸರಿ ಇತ್ತು, ಕಂಪ್ಯೂಟರಿಗೆ ಮಾತ್ರ ಗೊತ್ತಿರಲಿಲ್ಲ. ದಿನದ ಕೊನೆಗೆ ತಾಳೆ ನೋಡಬೇಕಾದವರು ಗಡಿಬಿಡಿಯಲ್ಲಿ ನೋಡಿರಲಿಲ್ಲ. ಆ ನಮೂದು ಮಾಡುತ್ತಿದ್ದವರು ಯಾರು ಎಂದು ಹುಡುಕಿದರೆ ಅದೂ ಸಿಗಲಿಲ್ಲ. ಯಾಕೆಂದರೆ ನಾವು ಮೂವರೂ ಒಂದೇ ಹೆಸರು, ಒಂದೇ ಗುಪ್ತಪದ ಬಳಸುತ್ತಿದ್ದೆವು. ತಪ್ಪು ನಮ್ಮದೇ. ಠರಾವು ಮಾಡಿ ಸರಿಪಡಿಸಿದೆವು, ಅವರಿಗೆ ಬಡ್ಡಿ ಬೀಳಲಿಲ್ಲ. ಆದರೆ ಆ ರಶೀದಿ ಮಳೆಯಲ್ಲಿ ನೆನೆದು ಹೋಗಿದ್ದರೆ? ಅರ್ಧಪ್ರತಿ ಗೆದ್ದಲು ತಿಂದಿದ್ದರೆ? ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಆಗಲೇ ನಾವು ಈ ತಂತ್ರಾಂಶದ ವಿಚಾರವನ್ನು ಸರಿಯಾಗಿ ತಿಳಿದುಕೊಳ್ಳಲು ಕುಳಿತದ್ದು.

ಟರ್ಮಿನಲ್ ಎಂದರೇನು?

ಹಿಂದೆ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ದೊಡ್ಡ ಯಂತ್ರ. ಪ್ರತಿಯೊಬ್ಬರ ಮೇಜಿಗೆ ಒಂದೊಂದು ಇಡಲು ಸಾಧ್ಯವಿರಲಿಲ್ಲ. ಹಾಗಾಗಿ ಮೇಜಿನ ಮೇಲೆ ಒಂದು ಪರದೆ, ಒಂದು ಕೀಲಿಮಣೆ ಮಾತ್ರ ಇರುತ್ತಿತ್ತು. ಅದಕ್ಕೆ ಸ್ವಂತ ಲೆಕ್ಕ ಮಾಡಲು ಬರುವುದಿಲ್ಲ. ನೀವು ಒತ್ತಿದ ಅಕ್ಷರವನ್ನು ತಂತಿಯ ಮೂಲಕ ದೊಡ್ಡ ಯಂತ್ರಕ್ಕೆ ಕಳಿಸುವುದು, ಅಲ್ಲಿಂದ ಬಂದದ್ದನ್ನು ತೋರಿಸುವುದು, ಇಷ್ಟೇ ಅದರ ಕೆಲಸ. ಇದೇ ಟರ್ಮಿನಲ್. ಅಮೆರಿಕದ ಡಿಇಸಿ ಎಂಬ ಕಂಪನಿ 1978ರಲ್ಲಿ ವಿಟಿ-100 ಎಂಬ ಟರ್ಮಿನಲ್ ತಂದಿತು. ಒಂದು ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು. ಅದು ಎಷ್ಟು ಜನಪ್ರಿಯವಾಯಿತೆಂದರೆ ಇವತ್ತಿಗೂ ಜಗತ್ತಿನ ಯಂತ್ರಗಳು ಅದರ ಸಂಕೇತಗಳನ್ನೇ ಆಡುತ್ತವೆ.

ಆಮೇಲೆ ಪರ್ಸನಲ್ ಕಂಪ್ಯೂಟರ್ ಬಂತು. ಎರಡೆರಡು ಪೆಟ್ಟಿಗೆ ಯಾಕೆ ಎಂದು ಪಿ.ಸಿ.ಯೇ ಟರ್ಮಿನಲ್ಲಿನಂತೆ ನಟಿಸುವ ತಂತ್ರಾಂಶ ಬರೆದರು. ಇದನ್ನು ಟರ್ಮಿನಲ್ ಎಮ್ಯುಲೇಟರ್ ಅನ್ನುತ್ತಾರೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಇದು ವೇಷ ಕಟ್ಟುವುದು. ಆಟದಲ್ಲಿ ಮನುಷ್ಯ ಅವನೇ, ಆದರೆ ಕಿರೀಟ ಕಟ್ಟಿ ಬಂದಮೇಲೆ ಭಾಗವತರ ಪದಕ್ಕೆ ಆ ಪಾತ್ರದಂತೆಯೇ ಕುಣಿಯಬೇಕು. ದೂರದ ಯಂತ್ರ ಇಲ್ಲಿ ಭಾಗವತರಿದ್ದಂತೆ. ನಮ್ಮ ಪಿ.ಸಿ. ಕಟ್ಟಿದ ವೇಷ ಬೇರೆ, ಅಲ್ಲಿಂದ ಬಂದ ಪದ ಬೇರೆ ಆದರೆ ಆಟ ಕೆಡುತ್ತದೆ.

ಇದು ನಮಗೆ ತೀರಾ ಹೊಸತೂ ಅಲ್ಲ. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದುಕೊಂಡಿತು. ಭಟ್ಕಳ, ಹೊನ್ನಾವರ, ಕುಮಟಾದವರು ಮುಂಬಯಿಗೆ ರೈಲು ಹತ್ತುವಂತಾಯಿತು. ರೈಲ್ವೆಯ ಮುಂಗಡ ಟಿಕೆಟಿನ ಕೌಂಟರಿನಲ್ಲಿ ಗುಮಾಸ್ತರ ಮುಂದೆ ಬರೀ ಅಕ್ಷರಗಳ ಪರದೆ ಇರುತ್ತಿದ್ದುದನ್ನು ನೀವೆಲ್ಲ ಕಂಡಿದ್ದೀರಿ. ಸೀಟಿನ ಲೆಕ್ಕ ಇರುವುದು ದೂರದ ಮಹಾನಗರದ ಯಂತ್ರದಲ್ಲಿ. ಕೌಂಟರಿನ ಪರದೆ ಅದಕ್ಕೊಂದು ಕಿಟಕಿ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗಲೂ ವಿದ್ಯಾರ್ಥಿಗಳಿಗೆ 500 ರೂಪಾಯಿಗೆ ಸಿಗುತ್ತಿದ್ದುದು ಇಂಥ ಕಪ್ಪು ಪರದೆಯ ಖಾತೆಯೇ. ಚಿತ್ರ ಇಲ್ಲ, ಬರೀ ಅಕ್ಷರ. ಟೆಲಿಫೋನಿಗೆ ಮೋಡೆಮ್ ಜೋಡಿಸಿ ಟರ್ಮಿನಲ್ ತಂತ್ರಾಂಶದಿಂದ ಒಳಹೊಕ್ಕು ಪತ್ರ ಓದಬೇಕಿತ್ತು.

ನಮ್ಮ ಸಂಘದಲ್ಲಿಯೂ ಸದಸ್ಯರ ಆಸಾಮಿ ಖಾತೆಗಳು ಇರುವುದು ಪ್ರಧಾನ ಕಚೇರಿಯ ಒಂದೇ ಯಂತ್ರದಲ್ಲಿ. ಶಾಖೆಯ ಪಿ.ಸಿ. ಅದಕ್ಕೆ ಕಿಟಕಿ. ಆ ಕಿಟಕಿ ಆರಿಸುವಾಗ ಏನೇನು ನೋಡಬೇಕು ಎಂಬುದನ್ನು ನಾವು ಪೆಟ್ಟು ತಿಂದು ಕಲಿತ ಕ್ರಮದಲ್ಲೇ ಹೇಳುತ್ತೇವೆ.

ನೋಡಬೇಕಾದ ಎಂಟು ಸಂಗತಿಗಳು

ಒಂದನೆಯದು, ವೇಷದ ಹೊಂದಾಣಿಕೆ. ಆಚೆ ಇರುವ ಯಂತ್ರ ಯಾವುದು ಎಂದು ಮೊದಲು ಕೇಳಿ. ಯುನಿಕ್ಸ್ ಅಥವಾ ಲಿನಕ್ಸ್ ಆದರೆ ವಿಟಿ ಜಾತಿಯ ಟರ್ಮಿನಲ್ ನಟಿಸುವ ತಂತ್ರಾಂಶ ಸಾಕು. ಐ.ಬಿ.ಎಂ.ನ ದೊಡ್ಡ ಯಂತ್ರಗಳಿಗೆ 3270, ಎಎಸ್-400 ಯಂತ್ರಗಳಿಗೆ 5250 ಎಂಬ ಬೇರೆಯೇ ವೇಷ ಬೇಕು. ಅದಕ್ಕೆ ಬೇರೆ ತಂತ್ರಾಂಶ. ಇದನ್ನು ಕೇಳದೆ ಕೊಂಡರೆ ದುಡ್ಡು ನೀರಿಗೆ ಹಾಕಿದಂತೆ. ವೇಷ ಸರಿ ಇದ್ದರೂ ಕೀಲಿಗಳು ತಪ್ಪಬಹುದು. ನಮ್ಮಲ್ಲಿ ಅಳಿಸುವ ಕೀಲಿ ಒತ್ತಿದರೆ ಅಕ್ಷರ ಅಳಿಯುವ ಬದಲು ಏನೋ ಟೋಪಿ ಚಿಹ್ನೆ, ಪ್ರಶ್ನೆ ಚಿಹ್ನೆ ಮೂಡುತ್ತಿತ್ತು. ಕೆಲವು ಯಂತ್ರಗಳು ಅಳಿಸು ಎಂಬುದಕ್ಕೆ ಒಂದು ಸಂಕೇತ, ಕೆಲವು ಇನ್ನೊಂದು ಸಂಕೇತ ನಿರೀಕ್ಷಿಸುವುದೇ ಕಾರಣ. ಮೇಲಿನ ಸಾಲಿನ ಎಫ್-1, ಎಫ್-2 ಕೀಲಿಗಳದ್ದೂ ಇದೇ ಕಥೆ. ಮೊತ್ತ ತಪ್ಪಿ ಹೊಡೆದಾಗ ಅಳಿಸಲು ಬಾರದಿದ್ದರೆ ಅದು ಸಣ್ಣ ತೊಂದರೆಯಲ್ಲ. ಹಾಗಾಗಿ ಈ ಸಂಕೇತಗಳನ್ನು ಬದಲಾಯಿಸಿ, ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಲು ಬರುವ ತಂತ್ರಾಂಶವೇ ಬೇಕು.

ಎರಡನೆಯದು, ದಾರಿಯ ಭದ್ರತೆ. ಹಳೆಯ ಪದ್ಧತಿಯ ಹೆಸರು ಟೆಲ್ನೆಟ್. ಅದರಲ್ಲಿ ನೀವು ಹೊಡೆದ ಗುಪ್ತಪದವೂ ಸೇರಿ ಎಲ್ಲವೂ ಬಿಚ್ಚಿದ ಅಕ್ಷರವಾಗಿಯೇ ದಾರಿಯಲ್ಲಿ ಹೋಗುತ್ತದೆ. ಅಂಚೆ ಕಾರ್ಡಿನಂತೆ, ದಾರಿಯಲ್ಲಿ ಕೈಗೆ ಸಿಕ್ಕವರೆಲ್ಲ ಓದಬಹುದು. ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೀಗೇ ಗುಪ್ತಪದಗಳನ್ನು ಕದ್ದರು. ಆಗ ಅಲ್ಲಿದ್ದ ತಾತು ಇಲೋನೆನ್ ಎಂಬವರು 1995ರಲ್ಲಿ ಎಸ್ಸೆಸ್ಸೆಚ್ ಎಂಬ ಹೊಸ ಪದ್ಧತಿ ಮಾಡಿದರು. ಇದು ಅಂಟು ಹಚ್ಚಿದ ಲಕೋಟೆ. ಮಧ್ಯದಲ್ಲಿ ಯಾರು ಹಿಡಿದರೂ ಅರ್ಥವಾಗದು. ಟೆಲ್ನೆಟ್ ಮಾತ್ರ ಬರುವ ತಂತ್ರಾಂಶವನ್ನು ಯಾರು ಪುಕ್ಕಟೆ ಕೊಟ್ಟರೂ ಸದಸ್ಯರ ಠೇವಣಿ ಲೆಕ್ಕಕ್ಕೆ ಅದು ಬೇಡ.

ಮೂರನೆಯದು, ಆಚೆ ಇರುವವರು ನಮ್ಮವರೇ ಹೌದೋ ಅಲ್ಲವೋ. ಮೊದಲ ಸಲ ಸಂಪರ್ಕ ಮಾಡಿದಾಗ ಎಸ್ಸೆಸ್ಸೆಚ್ ತಂತ್ರಾಂಶವು ಆ ಯಂತ್ರದ ಒಂದು ಉದ್ದ ಗುರುತು ತೋರಿಸಿ, ಇದನ್ನು ನಂಬಲೇ ಎಂದು ಕೇಳುತ್ತದೆ. ನಾವು ಹೆಚ್ಚಿನವರು ಓದದೆ ಹೌದು ಒತ್ತುತ್ತೇವೆ. ಖಾತೆ ತೆರೆಯುವಾಗ ನಮೂನೆ ಸಹಿ ಪಡೆಯುವುದಿಲ್ಲವೇ? ಇದೂ ಅದೇ. ಪ್ರಧಾನ ಕಚೇರಿಗೆ ಫೋನು ಮಾಡಿ ಅಕ್ಷರ ಅಕ್ಷರ ತಾಳೆ ನೋಡಿ ಒಪ್ಪಬೇಕು. ಮುಂದೆ ಎಂದಾದರೂ "ಗುರುತು ಬದಲಾಗಿದೆ" ಎಂದು ಎಚ್ಚರಿಕೆ ಬಂದರೆ ಕೈ ತೆಗೆದು ಕೇಳಬೇಕು. ಸಹಿ ಹೊಂದದ ಚೆಕ್ಕಿಗೆ ನಾವು ಹಣ ಕೊಡುವುದಿಲ್ಲ, ಇಲ್ಲಿಯೂ ಹಾಗೆಯೇ.

ನಾಲ್ಕನೆಯದು, ಒಬ್ಬೊಬ್ಬರಿಗೆ ಒಂದೊಂದು ಹೆಸರು. ಇದು ತಂತ್ರಾಂಶಕ್ಕಿಂತ ನಮ್ಮ ಶಿಸ್ತಿಗೆ ಸೇರಿದ್ದು. ಕರ್ನಾಟಕ ಸರಕಾರ 2000ನೇ ಇಸವಿಯ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅಲ್ಲಿ ದಾಖಲೆ ತಿದ್ದುವ ನೌಕರರು ಬೆರಳ ಗುರುತು ಕೊಟ್ಟೇ ಒಳಹೋಗಬೇಕೆಂಬ ನಿಯಮ ಇಟ್ಟರು. "ನಾನಲ್ಲ, ಯಾರೋ ಮಾಡಿದ್ದು" ಎನ್ನಲು ಬಾರದಂತೆ. ನಮಗೆ ಬೆರಳಿನ ಯಂತ್ರ ಇಲ್ಲದಿದ್ದರೂ ಎಸ್ಸೆಸ್ಸೆಚ್‌ನಲ್ಲಿ ಪ್ರತಿ ನೌಕರರಿಗೆ ಅವರದೇ ಒಂದು ಕೀಲಿ ಕಡತ ಮಾಡಿಕೊಡಲು ಬರುತ್ತದೆ. ಆ ಕಡತಕ್ಕೂ ಒಂದು ಗುಪ್ತವಾಕ್ಯ ಹಾಕಬೇಕು. ಬಿಟ್ಟು ಹೋದವರ ಕೀಲಿಯನ್ನು ಅದೇ ದಿನ ರದ್ದು ಮಾಡಬೇಕು. ಮೊದಲು ನಮ್ಮ ಗುಪ್ತಪದ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಐದನೆಯದು, ಸಂಪರ್ಕ ಕಡಿದಾಗ ಏನಾಗುತ್ತದೆ. ನಮ್ಮದು ಕರಾವಳಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮರ ಬೀಳುವುದು, ತಂತಿ ಕಡಿಯುವುದು ಇದ್ದದ್ದೇ. ಎರಡು ಉಪಾಯಗಳಿವೆ. ಕೆಲಸವಿಲ್ಲದ ಹೊತ್ತಿನಲ್ಲೂ ಆಗಾಗ ಒಂದು ಸಣ್ಣ ಸಂಕೇತ ಕಳಿಸಿ ದಾರಿಯನ್ನು ಜೀವಂತ ಇಡುವ ಸೌಲಭ್ಯ ಒಳ್ಳೆಯ ತಂತ್ರಾಂಶಗಳಲ್ಲಿರುತ್ತದೆ. ಇನ್ನೊಂದು, ಆಚೆಯ ಯಂತ್ರದಲ್ಲಿ 'ಸ್ಕ್ರೀನ್' ಎಂಬ ಪುಕ್ಕಟೆ ತಂತ್ರಾಂಶ ಹಾಕುವುದು. ಆಗ ಶಾಖೆಯ ಸಂಪರ್ಕ ಹೋದರೂ ಕೆಲಸ ಎಲ್ಲಿ ನಿಂತಿತ್ತೋ ಅಲ್ಲೇ ಕಾದಿರುತ್ತದೆ. ಮತ್ತೆ ಒಳಹೊಕ್ಕು ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಪ್ರಧಾನ ಕಚೇರಿಯ ಯಂತ್ರಕ್ಕೇ ಕರೆಂಟು ಹೋದರೆ ಇದು ಉಪಯೋಗಕ್ಕಿಲ್ಲ. ಅಲ್ಲಿಗೆ ಯು.ಪಿ.ಎಸ್., ಒಳ್ಳೆಯ ಬ್ಯಾಟರಿ ಬೇಕೇ ಬೇಕು. ಆ ತಾಯಿಯ ಜಮಾ ತಪ್ಪಿದ್ದು ಈ ಐದನೆಯ ಅಂಶವನ್ನು ನಾವು ನೋಡದೆ ಇದ್ದದ್ದರಿಂದ. ಯಾರ ಕೈಯಿಂದ ತಪ್ಪಿತೆಂದು ತಿಳಿಯದೆ ಹೋದದ್ದು ನಾಲ್ಕನೆಯದನ್ನು ನೋಡದ್ದರಿಂದ.

ಆರನೆಯದು, ಮುದ್ರಣ. ಲೆಕ್ಕ ಇರುವುದು ಅಲ್ಲಿ, ಪಾಸ್‌ಬುಕ್ ಹಾಕುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವುದು ಇಲ್ಲಿ. ಆಚೆಯಿಂದ 'ಮುದ್ರಿಸು' ಎಂಬ ಸಂಕೇತ ಬಂದ ಕೂಡಲೇ ಮುಂದಿನ ಅಕ್ಷರಗಳನ್ನು ಪರದೆಗೆ ಬಿಡದೆ ನಮ್ಮ ಪ್ರಿಂಟರಿಗೆ ದಾಟಿಸುವ ಗುಣ ತಂತ್ರಾಂಶಕ್ಕೆ ಇರಬೇಕು. ಎಲ್ಲದರಲ್ಲೂ ಇರುವುದಿಲ್ಲ. ಕೊಳ್ಳುವ ಮೊದಲು ಒಂದು ಹಳೆಯ ಪಾಸ್‌ಬುಕ್ ಹಾಕಿ ಪರೀಕ್ಷೆ ಮಾಡಿಯೇ ನೋಡಬೇಕು.

ಏಳನೆಯದು, ಕನ್ನಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಟಿ ಪರದೆ ಎಂದರೆ ಚೌಕಗಳ ಸಾಲು. ಒಂದು ಚೌಕಕ್ಕೆ ಒಂದು ಅಕ್ಷರ. ಇಂಗ್ಲಿಷಿಗೆ ಇದು ಸರಿಹೋಯಿತು. ನಮ್ಮ ಅಕ್ಷರ ಹಾಗಲ್ಲ. ಕೆಳಗೆ ಒತ್ತು, ಪಕ್ಕಕ್ಕೆ ಕೊಂಬು, ಮೇಲೆ ಗುಡಿಸು. ಚೌಕದಲ್ಲಿ ಹೇಗೆ ಕೂತೀತು? 'ಲಕ್ಷ್ಮಿ' ಎಂದು ಹೊಡೆದರೆ ಬಿಡಿಬಿಡಿಯಾಗಿ ಚೆಲ್ಲಿ ಬೀಳುತ್ತಿತ್ತು. ಭಾರತೀಯ ಭಾಷೆಗಳಿಗಾಗಿ 1991ರಲ್ಲಿ ಇಸ್ಕಿ ಎಂಬ ಸಂಕೇತ ಮಾನಕವಾಯಿತು, ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಎಂಬ ಹೆಸರಿನಲ್ಲಿ ನಮ್ಮ ಲಿಪಿ ತೋರಿಸುವ ಕಾರ್ಡು, ಟರ್ಮಿನಲ್ಲುಗಳನ್ನೇ ಮಾಡಿತು. ಈಗ ಯುನಿಕೋಡ್ ಬಂದು ಬಹಳ ಅನುಕೂಲವಾಗಿದೆ. ಆದರೂ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರದ ತಂತ್ರಾಂಶಗಳೇ ಹೆಚ್ಚು. ಹಾಗೆಂದು ಸದಸ್ಯರಿಗೆ ಇಂಗ್ಲಿಷ್ ಲೆಕ್ಕ ಕೊಟ್ಟು ಕೈ ತೊಳೆದುಕೊಳ್ಳುವುದು ಸಹಕಾರ ತತ್ವವಲ್ಲ. ತನ್ನ ಖಾತೆಯನ್ನು ತಾನೇ ಓದಲಾರದ ಸದಸ್ಯ ಪ್ರಶ್ನೆ ಕೇಳುವುದು ಹೇಗೆ?

ಎಂಟನೆಯದು, ಬೆಲೆ ಮತ್ತು ಮೂಲ. ವಿಂಡೋಸ್ 95ರ ಕಾಲದಿಂದ ಎಕ್ಸ್‌ಪಿವರೆಗೆ ಹೈಪರ್‌ಟರ್ಮಿನಲ್ ಎಂಬುದು ಜೊತೆಯಲ್ಲೇ ಬರುತ್ತಿತ್ತು. ಮುಂದಿನ ವಿಸ್ಟಾದಲ್ಲಿ ಅದನ್ನು ತೆಗೆದುಬಿಟ್ಟರು. ಅದನ್ನೇ ನೆಚ್ಚಿದವರು ಹೊಸ ಯಂತ್ರ ಕೊಂಡ ದಿನ ಕಂಗಾಲು. 2018ರಿಂದ ವಿಂಡೋಸ್ 10ರಲ್ಲಿ ಎಸ್ಸೆಸ್ಸೆಚ್ ತಂತ್ರಾಂಶ ಸೇರಿಕೊಂಡೇ ಬರುತ್ತಿದೆ. ಹಣ ಕೊಟ್ಟು ಕೊಳ್ಳುವ ಸೆಕ್ಯೂರ್‌ಸಿಆರ್‌ಟಿಯಂಥವು ಇವೆ. ತೊಂದರೆಯಾದರೆ ಕೇಳಲು ಒಬ್ಬರಿರುತ್ತಾರೆ ಎಂಬುದು ಅದರ ಲಾಭ. ಜಪಾನಿನಲ್ಲಿ ಹುಟ್ಟಿದ ಟೆರಾ ಟರ್ಮ್, ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಬರೆದ ಪುಟ್ಟಿ, ಇವು ಪುಕ್ಕಟೆ. ಪುಟ್ಟಿ ಎಂಬ ಹೆಸರು ಕೇಳಿ ನಮ್ಮ ಹಿರಿಯ ನಿರ್ದೇಶಕರೊಬ್ಬರು "ಯಾರ ಮನೆ ಪುಟ್ಟಿ ಮಾರಾಯ್ರೇ?" ಎಂದು ಸಭೆಯಲ್ಲೇ ಕೇಳಿದರು! ಪುಕ್ಕಟೆ ಎಂದು ಸಿಕ್ಕಲ್ಲಿಂದ ತರಬಾರದು. ಪುಟ್ಟಿಯ ಹೆಸರಿನಲ್ಲೇ ಗುಪ್ತಪದ ಕದಿಯುವ ಕಳ್ಳಪ್ರತಿ 2015ರಲ್ಲಿ ಪತ್ತೆಯಾಗಿತ್ತು. ಬರೆದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು.

ನಾವು ಮಾಡಿದ್ದು

ಎರಡು ವಾರ ಮೂರು ತಂತ್ರಾಂಶ ಪರೀಕ್ಷೆ ಮಾಡಿ ನಾವು ಪುಟ್ಟಿಯನ್ನು ಆರಿಸಿದೆವು. ಅಳಿಸುವ ಕೀಲಿ ಸರಿಹೋಯಿತು, ಪಾಸ್‌ಬುಕ್ ಇಲ್ಲೇ ಮುದ್ರಣವಾಯಿತು, ದಾರಿ ಮುಚ್ಚಿದ್ದಾಯಿತು, ಸಂಘಕ್ಕೆ ಖರ್ಚು ಬೀಳಲಿಲ್ಲ. ವಿಂಡೋಸ್ ಜೊತೆ ಬಂದದ್ದನ್ನು ಆಪತ್ಕಾಲಕ್ಕೆ ಇಟ್ಟುಕೊಂಡೆವು. ಕನ್ನಡ ಮಾತ್ರ ಅದರಲ್ಲಿ ನಮಗೆ ಬೇಕಾದಂತೆ ಕೂರಲಿಲ್ಲ. ಅದಕ್ಕೆ ಒಂದು ದಾರಿ ಕಂಡುಕೊಂಡೆವು. ನಮೂದು ಕಪ್ಪು ಪರದೆಯಲ್ಲಿ. ಸದಸ್ಯರಿಗೆ ಕೊಡುವ ವಾರ್ಷಿಕ ಲೆಕ್ಕದ ಹಾಳೆ ಮಾತ್ರ ಪ್ರಧಾನ ಕಚೇರಿಯಲ್ಲೇ ಕನ್ನಡದಲ್ಲಿ ತಯಾರಾಗಿ ಬರುತ್ತದೆ. ದಿನದ ಕೊನೆಗೆ ರಶೀದಿ ಪುಸ್ತಕ, ರೋಕಡ, ಕಂಪ್ಯೂಟರ್ ಮೂರೂ ತಾಳೆಯಾಗದೆ ಬಾಗಿಲು ಹಾಕುವುದಿಲ್ಲ. ಈ ಕೊನೆಯ ಮಾತಿಗೆ ಯಾವ ತಂತ್ರಾಂಶವೂ ಬೇಡ.

ಈಗ ಕಾಲ ಮತ್ತೆ ಬದಲಾಗುತ್ತಿದೆ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದರಲ್ಲಿ ಇಡೀ ದೇಶಕ್ಕೆ ಸಾಮಾನ್ಯವಾದ ಒಂದು ತಂತ್ರಾಂಶ. ಕಪ್ಪು ಪರದೆ ಬೇಡ, ಬ್ರೌಸರ್ ಸಾಕು. ಹಾಗಾದರೆ ಇಷ್ಟೆಲ್ಲ ಯಾಕೆ ಹೇಳಿದಿರಿ ಎಂದು ಕೇಳಬಹುದು. ಹಳೆಯ ವರ್ಷಗಳ ಲೆಕ್ಕ ಹಳೆಯ ಯಂತ್ರದಲ್ಲೇ ಇದೆ. ಲೆಕ್ಕಪರಿಶೋಧಕರು ಕೇಳಿದರೆ, ಸದಸ್ಯರಿಗೆ ತಕರಾರು ಬಂದರೆ ಅದನ್ನು ತೆರೆದು ನೋಡಬೇಕು. ಅಲ್ಲದೆ ಕಿಟಕಿ ಯಾವುದೇ ಇರಲಿ, ಪ್ರಶ್ನೆಗಳು ಅವೇ. ದಾರಿ ಮುಚ್ಚಿದೆಯೇ? ಆಚೆ ಇರುವವರು ನಮ್ಮವರೇ? ನಮೂದು ಮಾಡಿದ್ದು ಯಾರು? ಸಂಪರ್ಕ ಕಡಿದರೆ ಏನು? ಸದಸ್ಯರಿಗೆ ಓದಲು ಬರುತ್ತದೆಯೇ?

ನಿಮಗೂ ಒಂದು ಮಾತು. ಈಗ ನಿಮ್ಮ ಕೈಯ ಮೊಬೈಲೂ ಒಂದು ಕಿಟಕಿಯೇ. ದೂರದಿಂದ ಪರದೆ ನೋಡುವ ಆ್ಯಪ್‌ಗಳನ್ನು ಹಾಕಿಸಿ ಖಾತೆ ಬರಿದು ಮಾಡುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿತ್ತು. ಆ್ಯಪ್‌ಗಳು ಒಳ್ಳೆಯ ಕೆಲಸಕ್ಕೇ ಹುಟ್ಟಿದವು, ಬಳಸುವ ಕೈ ಕೆಟ್ಟದ್ದು. "ಬ್ಯಾಂಕಿನಿಂದ ಮಾತಾಡ್ತಾ ಇದ್ದೇವೆ, ಇದನ್ನು ಹಾಕಿ, ನಂಬರ್ ಹೇಳಿ" ಎಂದು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ. ಸಂಘದಿಂದ ಹಾಗೆ ಯಾರೂ ಕೇಳುವುದಿಲ್ಲ.

ಶರಾವತಿಗೆ ಸೇತುವೆ ಆಗುವ ಮೊದಲು ಹೊನ್ನಾವರದಲ್ಲಿ ಹೊಳೆ ದಾಟಲು ದೋಣಿಯೇ ಗತಿ. ಹತ್ತುವ ಮೊದಲು ಹಿರಿಯರು ದೋಣಿಗೆ ತೂತು ಇದೆಯೋ, ಹುಟ್ಟು ಹಾಕುವವನು ಗುರುತಿನವನೋ ನೋಡುತ್ತಿದ್ದರು. ದೋಣಿಯ ಬಣ್ಣ ನೋಡುತ್ತಿರಲಿಲ್ಲ. ನಮ್ಮ ಲೆಕ್ಕವೂ ಈಗ ದಿನಾ ಹೊಳೆ ದಾಟುತ್ತಿದೆ. ನಾವೂ ಅದನ್ನೇ ನೋಡಿದರೆ ಸಾಕು.

1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಾಡಿನ ಮೊದಲ ಸಹಕಾರ ಸಂಘ ಕಟ್ಟಿದಾಗ ಕಂಪ್ಯೂಟರ್ ಇರಲಿಲ್ಲ, ಕರೆಂಟೂ ಇರಲಿಲ್ಲ. ಇದ್ದದ್ದು ಒಂದು ವಹಿ, ಒಬ್ಬರ ಮೇಲೊಬ್ಬರಿಗೆ ನಂಬಿಕೆ. ವಹಿ ಎಲ್ಲಿಗೆ ಬೇಕಾದರೂ ಹೋಗಲಿ, ನಂಬಿಕೆ ಈ ಕೌಂಟರಿನಲ್ಲೇ ಇರಬೇಕು. ಹಾಗಾಗಿ ಕೊನೆಯದಾಗಿ ಒಂದು ವಿನಂತಿ: ಹಣ ಕಟ್ಟಿದಾಗ ರಶೀದಿ ಕೇಳಿ ಪಡೆಯಿರಿ, ಜೋಪಾನವಾಗಿಡಿ, ವರ್ಷಕ್ಕೊಮ್ಮೆ ನಿಮ್ಮ ಖಾತೆ ತೋರಿಸಿ ಎಂದು ನಮ್ಮನ್ನು ಕೇಳಿ. ಕೇಳಿದರೆ ನಮಗೆ ಬೇಸರವಿಲ್ಲ. ಆ ತಾಯಿ ಅಂದು ಕೇಳಿದ್ದರಿಂದಲೇ ನಾವು ಇಷ್ಟು ಕಲಿತೆವು.